ಜೂಮ್ ಆಮೇಲೆ ಕೇಳಿ, ಮೊದಲು ಮೈಕ್ ಜ್ಯಾಕ್ ಎಲ್ಲಿದೆ ಹುಡುಕಿ

ಮದುವೆ, ಶಾಲಾ ವಾರ್ಷಿಕೋತ್ಸವ, ಹರಿಕಥೆ, ಊರಹಬ್ಬ ಇಂಥವನ್ನು ಗಂಟೆಗಟ್ಟಲೆ ಒಂದೇ ಸಮನೆ ರೆಕಾರ್ಡ್ ಮಾಡಬೇಕಾದಾಗ ಕ್ಯಾಮ್‌ಕಾರ್ಡರ್ (ವಿಡಿಯೋಗೆಂದೇ ಮಾಡಿದ ಕ್ಯಾಮೆರಾ) ಈಗಲೂ ಕೈಹಿಡಿಯುತ್ತದೆ. ಫೋನ್ ಬಿಸಿಯಾಗಿ ನಿಲ್ಲುತ್ತದೆ, ಇಲ್ಲವೇ ನಡುವೆ ಯಾರದೋ ಕರೆ ಬರುತ್ತದೆ. ಹಳೆಯ ಎಷ್ಟೋ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಕ್ಯಾಮ್‌ಕಾರ್ಡರನ್ನು ಟ್ರೈಪಾಡ್ ಮೇಲೆ ಕೂರಿಸಿ ಅಡಾಪ್ಟರ್ ಸಿಕ್ಕಿಸಿಬಿಟ್ಟರೆ ಕಾರ್ಡ್ ತುಂಬುವವರೆಗೆ ಓಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಶಾಲೆಯೋ ದೇವಸ್ಥಾನ ಸಮಿತಿಯೋ ಯುವಕ ಸಂಘವೋ ಒಂದು ಕ್ಯಾಮೆರಾ ಇಟ್ಟುಕೊಳ್ಳೋಣ ಎಂದು ಹೊರಟರೆ ಇದನ್ನು ಯೋಚಿಸುವುದರಲ್ಲಿ ಅರ್ಥವಿದೆ. ಹೊಸ ಮಾದರಿಗಳು ಈಗ ಕಡಿಮೆಯಾಗಿರುವುದರಿಂದ ಬಹಳಷ್ಟು ಸಲ ಕೈಗೆ ಸಿಗುವುದು ಸೆಕೆಂಡ್‌ಹ್ಯಾಂಡ್.

ಅಂಗಡಿಯಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ "ಜೂಮ್ ಎಷ್ಟು?" ಡಬ್ಬದ ಮೇಲೂ ದೊಡ್ಡಕ್ಷರದಲ್ಲಿ ಅದೇ ಇರುತ್ತದೆ. ಸೋನಿಯ ಎರಡು ಮಾದರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಚ್‌ಡಿಆರ್-ಸಿಎಕ್ಸ್405ಕ್ಕೆ 30 ಪಟ್ಟು ಆಪ್ಟಿಕಲ್ ಜೂಮ್. ಎಫ್‌ಡಿಆರ್-ಎಎಕ್ಸ್43ಕ್ಕೆ 20 ಪಟ್ಟು. ಜೂಮ್ ನೋಡಿ ಕೊಂಡವರಿಗೆ 405 ಲಾಭ ಅನಿಸೀತು. ಆದರೆ 405ರಲ್ಲಿ ಹೊರಗಿನ ಮೈಕ್ ಹಾಕಲು ಜಾಗವಿಲ್ಲ, ಹೆಡ್‌ಫೋನ್ ಹಾಕಿ ಕೇಳಲು ಜಾಗವಿಲ್ಲ, ವೈ-ಫೈ ಕೂಡ ಇಲ್ಲ. ಎಎಕ್ಸ್43ರಲ್ಲಿ ಮೂರೂ ಇವೆ. ಬೆಲೆಯಲ್ಲಿ ದೊಡ್ಡ ಅಂತರವಿದೆ, ನಿಜ. ಮಗುವಿನ ಹುಟ್ಟುಹಬ್ಬಕ್ಕೆ 405 ಧಾರಾಳ ಸಾಕು. ಸಭಾಂಗಣದಲ್ಲಿ ವೇದಿಕೆಯ ಮಾತು ಹಿಡಿಯಬೇಕೆಂದರೆ ಆ 30 ಪಟ್ಟು ಜೂಮ್‌ನಿಂದ ಕವಡೆ ಕಾಸಿನ ಪ್ರಯೋಜನವಿಲ್ಲ; ಮುಖ ಹತ್ತಿರ ಬರುತ್ತದೆ, ಮಾತು ದೂರದಲ್ಲೇ ಉಳಿಯುತ್ತದೆ.

ಗಟ್ಟಿಮೇಳ ಬಿದ್ದಾಗ ಮಂತ್ರ ಎಲ್ಲಿ ಹೋಗುತ್ತದೆ?

ಕ್ಯಾಮೆರಾದೊಳಗಿನ ಮೈಕ್ ಎಷ್ಟು ಜೋರಾಗಿ ಕೇಳಿಸಿಕೊಳ್ಳಬೇಕು ಎಂಬುದನ್ನು ಕ್ಯಾಮೆರಾವೇ ತೀರ್ಮಾನಿಸುತ್ತದೆ. ಇದು ಆಟೊ ಗೇನ್. ಕೈಪಿಡಿಯಲ್ಲಿ ಎಜಿಸಿ ಅಥವಾ ಎಎಲ್‌ಸಿ ಎಂದಿರುತ್ತದೆ. ಸಣ್ಣ ದನಿ ಬಂದರೆ ಹಿಗ್ಗಿಸುವುದು, ದೊಡ್ಡ ಸದ್ದು ಬಂದರೆ ತಗ್ಗಿಸುವುದು ಅದರ ಕೆಲಸ. ತೊಂದರೆ ಇರುವುದು ಅದರ ವೇಗದಲ್ಲಿ. ತಗ್ಗಿಸುವುದು ಥಟ್ಟನೆ, ಮತ್ತೆ ಹಿಗ್ಗಿಸುವುದು ನಿಧಾನಕ್ಕೆ, ಕೆಲವು ಸೆಕೆಂಡ್ ಹಿಡಿದು.

ಮುಹೂರ್ತದ ಹೊತ್ತನ್ನೇ ತೆಗೆದುಕೊಳ್ಳಿ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಛತ್ರ ಸುಮಾರಾಗಿ ಸದ್ದಿಲ್ಲದೆ ಕೂತಿದೆ, ಕ್ಯಾಮೆರಾ ಗೇನ್ ಏರಿಸಿಕೊಂಡು ಕಾಯುತ್ತಿದೆ. "ಗಟ್ಟಿಮೇಳ, ಗಟ್ಟಿಮೇಳ" ಎಂಬ ಕೂಗು ಏಳುತ್ತದೆ, ವಾಲಗದವರ ಡೋಲು ಒಮ್ಮೆಗೇ ಸಿಡಿಯುತ್ತದೆ. ಮೊದಲ ಪೆಟ್ಟಿಗೆ ಗೇನ್ ಇನ್ನೂ ಇಳಿದಿರುವುದಿಲ್ಲ, ಆದ್ದರಿಂದ ಆ ಪೆಟ್ಟು ಒಡೆದ ಸದ್ದಾಗಿ ದಾಖಲಾಗುತ್ತದೆ. ಮರುಕ್ಷಣ ಎಲ್ಲವೂ ಕುಗ್ಗಿ ಮಂತ್ರ ಮಾಯವಾಗುತ್ತದೆ. ಡೋಲು ನಿಂತ ಮೇಲೆ ಎರಡು ಮೂರು ಸೆಕೆಂಡ್ ಕಿವಿಗೆ ಏನೂ ಬೀಳುವುದಿಲ್ಲ. ಆಮೇಲೆ ಫ್ಯಾನಿನ ಗರಗರ, ಹಿಂದಿನ ಸಾಲಿನವರ ಪಿಸುಮಾತು ನಿಧಾನಕ್ಕೆ ಉಬ್ಬಿಕೊಂಡು ಬರುತ್ತವೆ. ಮನೆಗೆ ಹೋಗಿ ವಿಡಿಯೋ ಹಾಕಿ ನೋಡಿದವರು "ಸೌಂಡ್ ಉಸಿರಾಡುತ್ತಿದೆ" ಎನ್ನುವುದು ಇದಕ್ಕೇ.

ತಮಟೆಗೆ ಇದು ಇನ್ನೂ ಕಷ್ಟ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ವಾದನಕ್ಕಾಗಿ. ಈ ಸೀಮೆಯ ಕಾರ್ಯಕ್ರಮವೆಂದರೆ ತಮಟೆ ಇದ್ದೇ ಇರುತ್ತದೆ ಎಂದುಕೊಂಡೇ ಕ್ಯಾಮೆರಾ ಆರಿಸಬೇಕು. ಬೆಂಕಿಗೆ ಹಿಡಿದು ಬಿಗಿ ಮಾಡಿದ ಚರ್ಮದ ಮೇಲೆ ಬೀಳುವ ಪೆಟ್ಟಿನ ಚೂಪಾದ ತುದಿ ಕೆಲವೇ ಮಿಲಿಸೆಕೆಂಡುಗಳಲ್ಲಿ ಬಂದು ಹೋಗುತ್ತದೆ. ಆಟೊ ಗೇನ್ ಅದನ್ನು ಬೆನ್ನಟ್ಟುತ್ತಲೇ ಇರುತ್ತದೆ, ಹಿಡಿಯುವುದಿಲ್ಲ.

ಪರಿಹಾರ ಕೈಯಿಂದ ಮಟ್ಟ ಹೊಂದಿಸುವುದು. ಮೆನುವಿನಲ್ಲಿ "ಆಡಿಯೊ ರೆಕ್ ಲೆವೆಲ್" ಅಥವಾ "ಮೈಕ್ ಲೆವೆಲ್" ಎಂಬ ಆಯ್ಕೆ ಇದೆಯೇ, ಅದರೊಳಗೆ ಹೆಚ್ಚುಕಡಿಮೆ ಮಾಡಬಹುದಾದ ಅಂಕಿ ಇದೆಯೇ ನೋಡಿ. ಅಗ್ಗದ ಮಾದರಿಗಳಲ್ಲಿ "ನಾರ್ಮಲ್", "ಲೋ" ಎಂಬ ಎರಡೇ ಇರುತ್ತವೆ. "ಲೋ" ಹಾಕಿದರೂ ಒಳಗೆ ಆಟೊ ಗೇನ್ ನಡೆದೇ ಇರುತ್ತದೆ. ಅಂಕಿ ಇದ್ದರೆ ಹೊಂದಿಸುವ ರೀತಿ ಸುಲಭ. ಕಾರ್ಯಕ್ರಮಕ್ಕೆ ಮುಂಚೆ ಡೋಲಿನವರಿಂದ ಜೋರಾದ ನಾಲ್ಕು ಪೆಟ್ಟು ಹೊಡೆಸಿ, ಪರದೆಯ ಮೇಲಿನ ಮೀಟರ್ ಮೈನಸ್ 6 ಡೆಸಿಬೆಲ್‌ನ (ಸದ್ದಿನ ಮಟ್ಟದ ಅಳತೆ) ಆಸುಪಾಸಿನಲ್ಲಿ ನಿಲ್ಲುವಂತೆ ಮಾಡಿ. ಬರೀ ಭಾಷಣವಾದರೆ ಮೈನಸ್ 12. ಸೊನ್ನೆ ಡೆಸಿಬೆಲ್ ಎಂಬುದು ಡಿಜಿಟಲ್ ರೆಕಾರ್ಡಿಂಗಿನ ಕೊನೆಯ ಗೆರೆ. ಅದರ ಮೇಲೆ ಹೋದದ್ದು ತಲೆ ಕತ್ತರಿಸಿಕೊಂಡು ಚಪ್ಪಟೆಯಾಗುತ್ತದೆ, ಎಡಿಟಿಂಗಿನಲ್ಲಿ ಅದನ್ನು ಪೂರ್ತಿ ಸರಿಮಾಡಲು ಬರುವುದಿಲ್ಲ. ಹೀಗೆ ಇಟ್ಟಾಗ ಮಂತ್ರ ತೀರಾ ಕೆಳಗೆ ದಾಖಲಾಗುತ್ತದೆ, ಆದರೆ ಗಾಬರಿ ಬೇಡ. 16 ಬಿಟ್ ರೆಕಾರ್ಡಿಂಗಿನಲ್ಲಿ ಲೆಕ್ಕದ ಪ್ರಕಾರ 96 ಡೆಸಿಬೆಲ್ ಜಾಗ ಇರುತ್ತದೆ. ಕೆಳಗಿದ್ದದ್ದನ್ನು ಆಮೇಲೆ ಎತ್ತಬಹುದು. ಜೊತೆಗೆ ಒಂದಿಷ್ಟು ಸುಯ್ಗುಡುವ ಸದ್ದೂ ಏಳುತ್ತದೆ, ಒಡೆದ ಸದ್ದಿಗಿಂತ ಅದು ಎಷ್ಟೋ ವಾಸಿ.

ಯಾವ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡುತ್ತೀರಿ ಎಂಬುದಕ್ಕೂ ಸದ್ದಿಗೂ ನಂಟಿದೆ. ಮೇಲೆ ಹೇಳಿದ 405ರಲ್ಲೇ ಎವಿಸಿಎಚ್‌ಡಿ ಆರಿಸಿದರೆ ಸದ್ದು ಡಾಲ್ಬಿ ಡಿಜಿಟಲ್‌ನಲ್ಲಿ, ಎಂಪಿ4 ಆರಿಸಿದರೆ ಎಎಸಿಯಲ್ಲಿ ಕುಗ್ಗಿಸಿ ಇಡಲಾಗುತ್ತದೆ. ಎಕ್ಸ್‌ಎವಿಸಿ ಎಸ್ ಆರಿಸಿದರೆ ಕುಗ್ಗಿಸದ ಪಿಸಿಎಂ. ಸಂಗೀತ ಕಛೇರಿಗೆ ಕೊನೆಯದು ಲೇಸು.

ದೂರದ ಲೆಕ್ಕ

"5.1 ಸರೌಂಡ್ ಮೈಕ್", "ಜೂಮ್ ಮೈಕ್" ಎಂದು ಬರೆದಿರುವುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಒಂದು ಇಂಚಿನೊಳಗೆ ಒತ್ತೊತ್ತಾಗಿ ಕೂತ ಮೂರ್ನಾಲ್ಕು ಪುಟ್ಟ ಮೈಕ್‌ಗಳ ಸದ್ದನ್ನು ಲೆಕ್ಕ ಹಾಕಿ ಮುಂದಿನದು, ಹಿಂದಿನದು ಎಂದು ಬೇರ್ಪಡಿಸುವ ಉಪಾಯ ಅದು. ಬಯಲಿನಲ್ಲಿ ತಕ್ಕಮಟ್ಟಿಗೆ ನಡೆಯುತ್ತದೆ, ಗೋಡೆಗಳಿರುವ ಛತ್ರದಲ್ಲಿ ನಡೆಯುವುದಿಲ್ಲ.

ಕಾರಣ ಇಷ್ಟೇ: ದೂರ ಎರಡರಷ್ಟಾದಾಗ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಮಾತಾಡುವವರಿಂದ 3 ಮೀಟರ್‌ನಲ್ಲಿದ್ದ ಕ್ಯಾಮೆರಾವನ್ನು 12 ಮೀಟರ್ ದೂರಕ್ಕೆ ಒಯ್ದರೆ 12 ಡೆಸಿಬೆಲ್ ಹೋಯಿತು. ಗೋಡೆ, ಗ್ರಾನೈಟ್ ನೆಲ, ಶೀಟಿನ ಚಾವಣಿಯಿಂದ ಪುಟಿದು ಬರುವ ಎಕೋ ಮಾತ್ರ ಹಾಲ್‌ನ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹಿಂದೆ ಹೋದಷ್ಟೂ ಮಾತು ಸೋಲುತ್ತದೆ, ಎಕೋ ಗೆಲ್ಲುತ್ತದೆ. ಗೇನ್ ಏರಿಸಿದರೆ ಎರಡೂ ಒಟ್ಟಿಗೇ ಏರುತ್ತವೆ. ಕ್ಯಾಮೆರಾ ಮೇಲೆ ದುಬಾರಿ ಶಾಟ್‌ಗನ್ ಮೈಕ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಉದ್ದನೆಯ ಮೈಕ್) ಕೂರಿಸಿದರೂ 12 ಮೀಟರ್ 12 ಮೀಟರೇ. ಮೈಕ್ ಬಾಯಿಯ ಹತ್ತಿರ ಹೋಗಬೇಕು, ಅಥವಾ ಹಲವು ಮೈಕ್‌ಗಳ ಸದ್ದು ಕೂಡಿಸುವ ಸೌಂಡ್‌ನವರ ಮಿಕ್ಸರ್‌ನಿಂದ ವೈರ್ ಬರಬೇಕು. ಮೂರನೆಯ ದಾರಿ ಇಲ್ಲ.

ದೂರ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 30 ಮೀಟರ್ ಹಿಂದಿನಿಂದ ಭರತನಾಟ್ಯದ ಹೆಜ್ಜೆಯನ್ನು ಜೂಮ್ ಹಾಕಿ ತೆಗೆದರೆ, ಗೆಜ್ಜೆಯ ಸದ್ದು ಕ್ಯಾಮೆರಾ ಮೈಕ್‌ಗೆ ಸುಮಾರು 88 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಎರಡು ಫ್ರೇಮಿಗಿಂತ ಸ್ವಲ್ಪ ಹೆಚ್ಚು. ಕಾಲು ನೆಲಕ್ಕೆ ಬಿದ್ದ ಮೇಲೆ ಸದ್ದು ಬರುವುದು ಕಣ್ಣಿಗೆ ಸಿಕ್ಕಿಬೀಳುತ್ತದೆ. ಎಡಿಟಿಂಗಿನಲ್ಲಿ ಸದ್ದನ್ನು ಎರಡು ಫ್ರೇಮ್ ಮುಂಚೆ ಬರುವಂತೆ ಸರಿಸಿದರೆ ಆಯಿತು.

ಗಾಳಿಯ ಬಗ್ಗೆಯೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರ್. ಅಲ್ಲಿ ಬೆಳಗಿನ ಗಾಳಿಗೆ ಒಳಮೈಕ್ ಭೋರ್ಗರೆಯದೆ ಇರುವುದಿಲ್ಲ. ಮೆನುವಿನಲ್ಲಿರುವ "ವಿಂಡ್ ಕಟ್" ಕೆಳಸ್ವರಗಳನ್ನು ಕತ್ತರಿಸುತ್ತದೆಯೇ ಹೊರತು ಗಾಳಿಯನ್ನು ತಡೆಯುವುದಿಲ್ಲ, ಜೊತೆಗೆ ಡೋಲಿನ ಗುಮ್ಮು, ಗಂಡು ದನಿಯ ತುಂಬು ಕೂಡ ಹೋಗುತ್ತದೆ. ಮೈಕ್‌ನ ಪೊರೆಯೇ ಗಾಳಿಯ ಹೊಡೆತಕ್ಕೆ ಮಿತಿಮೀರಿ ಅದುರುತ್ತಿದ್ದರೆ ಆಮೇಲೆ ಏನು ಕತ್ತರಿಸಿಯೂ ಉಪಯೋಗವಿಲ್ಲ. ಮೈಕ್ ತೂತುಗಳ ಮೇಲೆ ಅಂಟಿಸುವ ಕೃತಕ ರೋಮದ ಕವರ್ ಸಿಗುತ್ತದೆ, ಅದೇ ಮದ್ದು. ಬರೀ ಸ್ಪಂಜು ಫ್ಯಾನ್ ಗಾಳಿಗೆ ಸಾಕು, ಬೆಟ್ಟದ ಗಾಳಿಗೆ ಸಾಲದು.

ಪಿನ್ನಿನ ಮೇಲಿನ ಕಪ್ಪು ಉಂಗುರ ಎಣಿಸಿ

ಮೈಕ್ ಜ್ಯಾಕ್ ಎಂದರೆ 3.5 ಎಂಎಂ ತೂತು, ಪಕ್ಕದಲ್ಲಿ ಪುಟ್ಟ ಮೈಕ್ ಚಿತ್ರ. ಅದಕ್ಕೆ ಹೋಗಬೇಕಾದ ಪಿನ್ನಿನಲ್ಲಿ ಎರಡು ಕಪ್ಪು ಉಂಗುರ ಇರುತ್ತವೆ: ಎಡ, ಬಲ, ಅರ್ಥ್ ಎಂದು ಮೂರು ಭಾಗ. ಫೋನಿಗಾಗಿ ಮಾಡಿದ ಕಾಲರ್ ಮೈಕ್‌ನಲ್ಲಿ ಮೂರು ಉಂಗುರ, ನಾಲ್ಕು ಭಾಗ. ನಾಲ್ಕು ಭಾಗದ ಪಿನ್ನನ್ನು ಮೂರು ಭಾಗದ ತೂತಿಗೆ ತುರುಕಿದರೆ ಒಳಗೆ ಹೋಗುತ್ತದೆ, ಆದರೆ ಮೈಕ್‌ನ ವೈರ್ ಬರುವ ಭಾಗ ಅರ್ಥ್‌ಗೆ ತಾಗಿ ಸದ್ದು ಬರುವುದೇ ಇಲ್ಲ, ಅಥವಾ ಯಾವುದೋ ಒಂದು ಕಡೆ ಕ್ಷೀಣವಾಗಿ ಬರುತ್ತದೆ. ಜನ "ಕ್ಯಾಮೆರಾ ಜ್ಯಾಕ್ ಹೋಗಿದೆ" ಎಂದು ರಿಪೇರಿಗೆ ಹೊತ್ತೊಯ್ಯುವುದರಲ್ಲಿ ಇದೂ ಒಂದು. ನಾಲ್ಕರಿಂದ ಮೂರಕ್ಕೆ ಬದಲಿಸುವ ಪುಟ್ಟ ಕನೆಕ್ಟರ್ ಕೊಂಡರೆ ಮುಗಿಯಿತು.

ಎಲ್ಲ ಕಡೆ ಸಿಗುವ ಬೋಯಾ ಬಿವೈ-ಎಂ1 ಎರಡಕ್ಕೂ ಆಗುವಂಥದ್ದು. ಅದರ ವೈರ್ ನಡುವಿನ ಡಬ್ಬಿಯಲ್ಲಿ ಸ್ವಿಚ್ ಇದೆ, ಕ್ಯಾಮೆರಾಗೆ ಒಂದು ಕಡೆ, ಫೋನಿಗೆ ಇನ್ನೊಂದು ಕಡೆ. ಕ್ಯಾಮೆರಾ ಕಡೆಗೆ ತಳ್ಳಿದಾಗ ಒಳಗಿನ ಎಲ್‌ಆರ್44 ಬಟನ್ ಸೆಲ್ ಕೆಲಸ ಮಾಡುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹಿಂದಕ್ಕೆ ತಳ್ಳದಿದ್ದರೆ ಮುಂದಿನ ಸಲಕ್ಕೆ ಸೆಲ್ ಸತ್ತಿರುತ್ತದೆ. ಸೆಲ್ ಇಲ್ಲದ ಕಾಲರ್ ಮೈಕ್‌ಗಳಿಗೆ ಕ್ಯಾಮೆರಾವೇ ಜ್ಯಾಕ್ ಮೂಲಕ 2.5ರಿಂದ 3 ವೋಲ್ಟ್‌ನಷ್ಟು ಕರೆಂಟ್ ಕೊಡಬೇಕು. ಇದಕ್ಕೆ ಪ್ಲಗ್-ಇನ್ ಪವರ್ ಎನ್ನುತ್ತಾರೆ. ಇದು ಇದೆಯೇ ಎಂದು ಕೈಪಿಡಿಯಲ್ಲಿ ನೋಡಿ, ಅಥವಾ ಅಂಥ ಒಂದು ಮೈಕ್ ಹಾಕಿಯೇ ನೋಡಿ.

ಬಟ್ಟೆಗೆ ಸಿಕ್ಕಿಸುವ ವೈರ್‌ಲೆಸ್ ಸೆಟ್‌ಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಕ್ಯಾಮೆರಾದ ವೈ-ಫೈ, ಸುತ್ತಲಿನ ಹಾಟ್‌ಸ್ಪಾಟ್‌ಗಳು ಇರುವುದೂ ಅಲ್ಲೇ. ಮನುಷ್ಯನ ಮೈಯಲ್ಲಿರುವ ನೀರು ಈ ತರಂಗವನ್ನು ಹೀರುತ್ತದೆ. ಆದ್ದರಿಂದ ಭಾಷಣಕಾರರು ಕ್ಯಾಮೆರಾಗೆ ಬೆನ್ನು ತಿರುಗಿಸಿದಾಗ, ಅಥವಾ ಫೋಟೋ ತೆಗೆಯಲು ಹತ್ತು ಜನ ನಡುವೆ ನಿಂತಾಗ ಕಟ್ ಕಟ್ ಆಗುತ್ತದೆ. ಕ್ಯಾಮೆರಾದ ವೈ-ಫೈ ಆಫ್ ಮಾಡಿ, ರಿಸೀವರನ್ನು ಜನರ ತಲೆಗಿಂತ ಮೇಲೆ ಬರುವ ಹಾಗೆ ಇಡಿ.

ಸೆಕೆಂಡ್‌ಹ್ಯಾಂಡ್ ಕ್ಯಾಮೆರಾದಲ್ಲಿ ಮೊದಲು ಸೋಲುವ ಭಾಗಗಳಲ್ಲಿ ಈ ಜ್ಯಾಕ್ ಒಂದು. ಯಾರೋ ವೈರ್ ಎಡವಿರುತ್ತಾರೆ, ಒಳಗಿನ ಬೆಸುಗೆ ಬಿಟ್ಟಿರುತ್ತದೆ. ಪಿನ್ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳುತ್ತಾ, ಪಿನ್ನನ್ನು ಮೆಲ್ಲಗೆ ಸುತ್ತಲೂ ತಿರುಗಿಸಿ. ಕರಕರ ಎಂದರೆ ಬೆಲೆ ಇಳಿಸಲು ಹೇಳಿ, ಇಲ್ಲವೇ ಬಿಟ್ಟುಬಿಡಿ.

ಮಿಕ್ಸರ್‌ನಿಂದ ವೈರ್ ಎಳೆಯುವಾಗ

ಅತಿ ಹೆಚ್ಚು ಎಡವಟ್ಟು ನಡೆಯುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಮೈಕ್‌ನಿಂದ ಬರುವ ವಿದ್ಯುತ್ ಕೆಲವೇ ಮಿಲಿವೋಲ್ಟ್. ಮಿಕ್ಸರ್‌ನ ಲೈನ್ ಔಟ್‌ನಿಂದ ಬರುವುದು ಅದರ ನೂರು ಪಟ್ಟು ಅಥವಾ ಇನ್ನೂ ಹೆಚ್ಚು: ಮನೆಬಳಕೆಯ ಸಾಧನಗಳ ಲೈನ್ ಮಟ್ಟ ಸುಮಾರು 0.3 ವೋಲ್ಟ್, ವೃತ್ತಿಪರ ಮಿಕ್ಸರ್‌ಗಳದ್ದು ಸುಮಾರು 1.2 ವೋಲ್ಟ್. ಇದನ್ನು ನೇರವಾಗಿ ಮೈಕ್ ಜ್ಯಾಕ್‌ಗೆ ಕೊಟ್ಟರೆ ಒಳಗಿನ ಮೊದಲ ಆಂಪ್ಲಿಫೈಯರ್‌ನಲ್ಲೇ ಸದ್ದು ಒಡೆಯುತ್ತದೆ. ಆಮೇಲೆ ಮೆನುವಿನಲ್ಲಿ ಲೆವೆಲ್ ಇಳಿಸಿದರೆ ಏನಾಗುತ್ತದೆ? ಒಡೆದ ಸದ್ದು ಸಣ್ಣದಾಗಿ ಕೇಳುತ್ತದೆ. ಮೀಟರ್ ಹಸಿರಿನಲ್ಲೇ ಇರುತ್ತದೆ, ಕಿವಿಗೆ ಮಾತ್ರ ಕರ್ಕಶ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಇನ್‌ಪುಟ್ ಅನ್ನು "ಲೈನ್"ಗೆ ಬದಲಿಸುವ ಆಯ್ಕೆ ಅಥವಾ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಇರುತ್ತದೆ. ಕೊಳ್ಳುವಾಗ ಹುಡುಕಬೇಕಾದ ಗುಣ ಅದು.

ಇಲ್ಲದಿದ್ದರೆ ನಡುವೆ ಸಿಗ್ನಲ್ ತಗ್ಗಿಸುವ 40 ಡೆಸಿಬೆಲ್ ಪ್ಯಾಡ್ ಹಾಕಬೇಕು. ಸಿದ್ಧ ವೈರ್ ಸಿಗದಿದ್ದರೆ ಬೆಸುಗೆ ಹಾಕುವವರಿಂದ ಮಾಡಿಸಬಹುದು: ಸಿಗ್ನಲ್ ವೈರ್‌ನಲ್ಲಿ 10 ಕಿಲೋ ಓಮ್‌ನ ಒಂದು ರೆಸಿಸ್ಟರ್, ಅದು ಮುಗಿದ ಕಡೆಯಿಂದ ಅರ್ಥ್‌ಗೆ 100 ಓಮ್‌ನ ಇನ್ನೊಂದು. 100 ಓಮ್‌ನ ಮೇಲೆ ಉಳಿಯುವುದು ನೂರರಲ್ಲಿ ಒಂದು ಪಾಲು, ಅಂದರೆ 40 ಡೆಸಿಬೆಲ್ ಇಳಿಕೆ. ಪ್ಲಗ್-ಇನ್ ಪವರ್ ಆಫ್ ಮಾಡಲು ಆಗದ ಕ್ಯಾಮೆರಾ ಆದರೆ ಅದರ ಕಡೆಯ ವೈರ್‌ನಲ್ಲಿ 10 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನೂ, ಪ್ಲಸ್ ತುದಿ ಕ್ಯಾಮೆರಾ ಕಡೆ ಬರುವಂತೆ, ಸೇರಿಸಲು ಹೇಳಿ.

ಹಳ್ಳಿ ಕಾರ್ಯಕ್ರಮಗಳಲ್ಲಿ ಮಿಕ್ಸರ್ ಇರದೆ ಅಹೂಜಾ ಥರದ ಒಂದೇ ಆಂಪ್ಲಿಫೈಯರ್, ಎರಡು ಹಾರನ್ ಇರುವುದೇ ಹೆಚ್ಚು. ಹಿಂಬದಿಯಲ್ಲಿ "ಲೈನ್ ಔಟ್" ಎಂದಿದ್ದರೆ ಅದರಿಂದ ತೆಗೆದುಕೊಳ್ಳಿ. ಪಕ್ಕದಲ್ಲಿರುವ ಸ್ಪೀಕರ್ ಸ್ಕ್ರೂಗಳಿಂದ ಎಂದಿಗೂ ಬೇಡ. 70 ವೋಲ್ಟ್, 100 ವೋಲ್ಟ್ ಎಂದು ಬರೆದಿರುವ ಆ ಟರ್ಮಿನಲ್‌ಗಳಲ್ಲಿ ನಿಜಕ್ಕೂ ಅಷ್ಟು ಬರುತ್ತದೆ. ಕ್ಯಾಮೆರಾ ಸುಟ್ಟೇ ಹೋಗುತ್ತದೆ.

ಇನ್ನೊಂದು ಕಾಟ ಗುಂಯ್‌ಗುಡುವ ಹಮ್ಮಿಂಗ್. ಕ್ಯಾಮೆರಾದ ಅಡಾಪ್ಟರ್ ಒಂದು ಪ್ಲಗ್ ಪಾಯಿಂಟ್‌ನಲ್ಲಿ, ಸೌಂಡ್ ಸಿಸ್ಟಂ ಜನರೇಟರ್‌ನಲ್ಲೋ ಇನ್ನೊಂದು ಪಾಯಿಂಟ್‌ನಲ್ಲೋ ಇದ್ದರೆ, ಆಡಿಯೊ ವೈರ್‌ನ ಅರ್ಥ್ ಮೂಲಕ ಕರೆಂಟ್ ಹರಿದು ನಮ್ಮ 50 ಹರ್ಟ್ಸ್ ಮೇನ್ಸ್ ಸದ್ದಾಗಿ ಕೇಳುತ್ತದೆ. ಪತ್ತೆ ಹಚ್ಚುವುದು ಸುಲಭ: ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಹಮ್ ನಿಂತರೆ ಕಾರಣ ಅದೇ. ದಿನವಿಡೀ ಬ್ಯಾಟರಿಯಲ್ಲಿ ಓಡಿಸಲು ಆಗದು, ಆದ್ದರಿಂದ ನಡುವೆ ಎರಡೂ ಕಡೆಯ ಅರ್ಥ್ ಬೇರ್ಪಡಿಸುವ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅಥವಾ ಅಂಥ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಹಾಕಿ. ಸೌಂಡ್ ಸಿಸ್ಟಂನ ಪ್ಲಗ್‌ನಲ್ಲಿ ಅರ್ಥ್ ಪಿನ್ ಮುರಿದು ಹಮ್ ನಿಲ್ಲಿಸುವವರಿದ್ದಾರೆ. ಮಳೆಯಲ್ಲಿ ನೆನೆದ ಪೆಂಡಾಲ್, ಕೈಯಲ್ಲಿ ಲೋಹದ ಮೈಕ್; ಆ ದಾರಿ ಹಿಡಿಯಬೇಡಿ.

ಎಲ್ಲಕ್ಕಿಂತ ವಿಚಿತ್ರವಾದ ತಪ್ಪು ಈಗ ಹೇಳುವುದು. ಮಿಕ್ಸರ್‌ನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡನೆಯ ಕನೆಕ್ಟರ್) ಔಟ್‌ನಲ್ಲಿ ಎರಡು ಸಿಗ್ನಲ್ ವೈರ್ ಇರುತ್ತವೆ, ಎರಡರಲ್ಲೂ ಅದೇ ಸದ್ದು, ಒಂದು ಇನ್ನೊಂದರ ತಲೆಕೆಳಗು. ತಿಳಿಯದವರು ಒಂದನ್ನು 3.5 ಪಿನ್ನಿನ ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬೆಸೆಯುತ್ತಾರೆ. ಟಿವಿಯ ಎರಡು ಸ್ಪೀಕರ್‌ನಲ್ಲಿ ಸದ್ದು ಬರುತ್ತದೆ, ಹೆಡ್‌ಫೋನ್‌ನಲ್ಲೂ ಬರುತ್ತದೆ. ತಲೆಯ ಹಿಂದೆಲ್ಲೋ ಹರಡಿದಂತೆ ಅನಿಸುತ್ತದೆ ಅಷ್ಟೆ. ಅದೇ ವಿಡಿಯೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಒಂದೇ ಸ್ಪೀಕರ್‌ನ ಫೋನಿನಲ್ಲಿ ಹಾಕಿದರೆ ಎಡ ಬಲ ಕೂಡಿಕೊಂಡು ಒಂದನ್ನೊಂದು ಅಳಿಸಿಬಿಡುತ್ತವೆ. ಚಿತ್ರ ಓಡುತ್ತದೆ, ಭಾಷಣ ಇಲ್ಲ! ಸರಿಯಾದ ಬೆಸುಗೆ ಹೀಗೆ: ಎಕ್ಸ್‌ಎಲ್‌ಆರ್‌ನ 2ನೇ ಪಿನ್ ಎಡ ಬಲ ಎರಡಕ್ಕೂ, 1ನೇ ಪಿನ್ ಅರ್ಥ್‌ಗೆ; 3ನೆಯದನ್ನು ಏನು ಮಾಡಬೇಕೆಂಬುದನ್ನು ಮಿಕ್ಸರ್‌ನ ಕೈಪಿಡಿ ಹೇಳುತ್ತದೆ, ಕೆಲವಕ್ಕೆ ಅರ್ಥ್‌ಗೆ ಕೂಡಿಸಬೇಕು, ಕೆಲವಕ್ಕೆ ಖಾಲಿ ಬಿಡಬೇಕು. ಈಗಾಗಲೇ ರೆಕಾರ್ಡ್ ಆಗಿಹೋಗಿದ್ದರೆ ಚಿಂತೆಯಿಲ್ಲ. ಎಡಿಟಿಂಗಿನಲ್ಲಿ ಬಲ ಚಾನೆಲ್ ತೆಗೆದುಹಾಕಿ ಎಡದ್ದನ್ನೇ ಎರಡೂ ಕಡೆ ಹಾಕಿ, ಭಾಷಣ ವಾಪಸ್ ಬರುತ್ತದೆ.

ಇಷ್ಟೆಲ್ಲ ತಪ್ಪನ್ನು ಸ್ಥಳದಲ್ಲೇ ಹಿಡಿಯಲು ಹೆಡ್‌ಫೋನ್ ಜ್ಯಾಕ್ ಬೇಕು. ಮೀಟರ್ ಎಷ್ಟು ಜೋರು ಎಂದು ತೋರಿಸುತ್ತದೆ, ಏನು ಕೇಳುತ್ತಿದೆ ಎಂದು ಹೇಳುವುದಿಲ್ಲ. ಹಮ್ ಇದ್ದರೂ ಮೀಟರ್ ಕುಣಿಯುತ್ತದೆ. ಮೈಕ್ ಜ್ಯಾಕ್ ಇದ್ದು ಹೆಡ್‌ಫೋನ್ ಜ್ಯಾಕ್ ಇಲ್ಲದ ಕ್ಯಾಮೆರಾ ಅರ್ಧ ಕ್ಯಾಮೆರಾ. ಕೆಲವು ಮಾದರಿಗಳಲ್ಲಿ ಎವಿ ಔಟ್ ಮತ್ತು ಹೆಡ್‌ಫೋನ್ ಎರಡಕ್ಕೂ ಒಂದೇ ತೂತು, ಮೆನುವಿನಲ್ಲಿ ಬದಲಿಸಬೇಕು. ಬದಲಿಸದೆ ಹೆಡ್‌ಫೋನ್ ಹಾಕಿದರೆ ಜಿರ್ ಎಂಬ ಸದ್ದು ಬರುತ್ತದೆ. ಬ್ಲೂಟೂತ್ ಇಯರ್‌ಫೋನ್‌ಗೆ ಆಸೆಪಡಬೇಡಿ, ಸದ್ದು ತಡವಾಗಿ ಬರುವುದರಿಂದ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ.

ಎಚ್‌ಡಿಎಂಐ, ಯುಎಸ್‌ಬಿ

ಈಗ ಮದುವೆಗಳಲ್ಲಿ ಎಲ್‌ಇಡಿ ವಾಲ್ ಸಾಮಾನ್ಯ. ಕ್ಯಾಮೆರಾದಿಂದ ಅದಕ್ಕೆ ಹೋಗುವುದು ಎಚ್‌ಡಿಎಂಐ ವೈರ್. ಕ್ಯಾಮ್‌ಕಾರ್ಡರ್‌ನಲ್ಲಿರುವುದು ಟಿವಿಯಲ್ಲಿರುವಂಥ ದೊಡ್ಡ ಎಚ್‌ಡಿಎಂಐ ಆಗಿರುವುದು ಅಪರೂಪ. ಮಿನಿ ಅಥವಾ ಅದಕ್ಕಿಂತ ಚಿಕ್ಕ ಮೈಕ್ರೋ ಇರುತ್ತದೆ. ಮೈಕ್ರೋ ತೀರಾ ನಾಜೂಕು. ಭಾರದ ವೈರ್ ಜೋತುಬಿದ್ದರೆ ತೂತೇ ಸಡಿಲವಾಗಿ ವಾಲ್‌ನಲ್ಲಿ ಚಿತ್ರ ಮಿಣುಕುತ್ತದೆ. ಮೈಕ್ರೋದಿಂದ ದೊಡ್ಡದಕ್ಕೆ ಹೋಗುವ ಗೇಣುದ್ದದ ಮೆತ್ತನೆಯ ವೈರ್ ಹಾಕಿ, ಅದನ್ನು ಟ್ರೈಪಾಡ್ ಕಾಲಿಗೆ ಟೇಪ್ ಸುತ್ತಿ ಕಟ್ಟಿ, ಅಲ್ಲಿಂದ ಮುಂದಕ್ಕೆ ದಪ್ಪ ವೈರ್ ಎಳೆಯಿರಿ. ಸಾದಾ ವೈರ್ 10 ಮೀಟರ್ ದಾಟಿದರೆ ನಂಬುವಂತಿಲ್ಲ. ಹೆಚ್ಚು ದೂರಕ್ಕೆ ಎಸ್‌ಡಿಐಗೆ (ವಿಡಿಯೋವನ್ನು ದೂರಕ್ಕೆ ಒಯ್ಯುವ ಇನ್ನೊಂದು ಬಗೆಯ ಸಂಪರ್ಕ) ಬದಲಿಸುವ ಕನ್ವರ್ಟರ್ ಅಥವಾ ಆಪ್ಟಿಕಲ್ ಎಚ್‌ಡಿಎಂಐ ಬೇಕು.

ಎಚ್‌ಡಿಎಂಐನಲ್ಲಿ ನೋಡಬೇಕಾದ ಗುಣ, ಪರದೆಯ ಮೇಲಿನ ಬ್ಯಾಟರಿ ಗುರುತು, ಕೆಂಪು ಚುಕ್ಕಿ, ಮುಖದ ಚೌಕ ಇವೆಲ್ಲ ವಾಲ್‌ಗೂ ಹೋಗುತ್ತವೆಯೇ ಎಂಬುದು. ಮೆನುವಿನಲ್ಲಿ "ಡಿಸ್‌ಪ್ಲೇ ಔಟ್‌ಪುಟ್" ಎಂಬಂಥ ಆಯ್ಕೆಯನ್ನು ಎಲ್‌ಸಿಡಿಗೆ ಮಾತ್ರ ಎಂದು ಇಡಲು ಬರಬೇಕು. ಇದೇ ವೈರ್‌ನಲ್ಲಿ ಸದ್ದೂ ಹೋಗುತ್ತದೆ. ಲ್ಯಾಪ್‌ಟಾಪ್‌ಗೆ ಸಿಕ್ಕಿಸುವ ಕ್ಯಾಪ್ಚರ್ ಕಾರ್ಡ್ ಮೂಲಕ ಯೂಟ್ಯೂಬ್ ಲೈವ್ ಮಾಡುವವರಿಗೆ ಇದು ವರದಾನ, ಕ್ಯಾಮೆರಾ ಮೈಕ್ ಜ್ಯಾಕ್‌ಗೆ ಬಂದದ್ದೇ ಲೈವ್‌ಗೂ ಹೋಗುತ್ತದೆ. ವಾಲ್‌ನವರು ಅದೇ ಸದ್ದನ್ನು ಸ್ಪೀಕರ್‌ಗೆ ಬಿಟ್ಟರೆ ಮಾತ್ರ ಕೂಯ್ ಎಂದು ಕಿರುಚುತ್ತದೆ, ಮೊದಲೇ ಹೇಳಿಡಿ.

ಯುಎಸ್‌ಬಿ ಬಗ್ಗೆ ಒಂದೇ ಪರೀಕ್ಷೆ: ಪವರ್ ಬ್ಯಾಂಕ್ ಸಿಕ್ಕಿಸಿ ರೆಕಾರ್ಡ್ ಒತ್ತಿ. ಕೆಲವು ಕ್ಯಾಮೆರಾ ಯುಎಸ್‌ಬಿ ಕರೆಂಟ್‌ನಲ್ಲಿ ರೆಕಾರ್ಡ್ ಮಾಡುತ್ತವೆ, ಕೆಲವು ಆಫ್ ಇದ್ದಾಗ ಚಾರ್ಜ್ ಆಗುತ್ತವೆ ಅಷ್ಟೇ.

ವೈ-ಫೈ ಎಂಬ ಮಾರಾಟದ ಮಾತು

50 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 22.5 ಜಿಬಿ ಆಗುತ್ತದೆ. 100 ಮೆಗಾಬಿಟ್‌ನ 4ಕೆ ಆದರೆ 45 ಜಿಬಿ. ಕ್ಯಾಮ್‌ಕಾರ್ಡರ್‌ನ 2.4 ಗಿಗಾಹರ್ಟ್ಸ್ ವೈ-ಫೈಗೆ ಜನರ ನಡುವೆ 30 ಮೆಗಾಬಿಟ್ ಸಿಕ್ಕಿತು ಎಂದುಕೊಂಡರೂ ಒಂದು ಗಂಟೆಯ ವಿಡಿಯೋ ಫೋನಿಗೆ ಬರಲು ಒಂದೂಮುಕ್ಕಾಲು ಗಂಟೆಯ ಹತ್ತಿರ ಬೇಕು, ಅಷ್ಟರಲ್ಲಿ ಬ್ಯಾಟರಿ ಕೈಕೊಟ್ಟಿರುತ್ತದೆ. ಫೋನಿನ ಒಟಿಜಿಗೆ ಕಾರ್ಡ್ ರೀಡರ್ ಸಿಕ್ಕಿಸಿದರೆ ಕೆಲವೇ ನಿಮಿಷ. ಅದೂ ಅಲ್ಲದೆ ಎವಿಸಿಎಚ್‌ಡಿ ಕ್ಲಿಪ್‌ಗಳನ್ನು ಹೆಚ್ಚಿನ ಆ್ಯಪ್‌ಗಳು ಫೋನಿಗೆ ಕಳಿಸುವುದೇ ಇಲ್ಲ, ಎಂಪಿ4 ಮಾತ್ರ. ಅಂಗಡಿಯವರು ತೋರಿಸುವುದು ಅರ್ಧ ನಿಮಿಷದ ಎಂಪಿ4 ಕ್ಲಿಪ್ ಆಗಿದ್ದರೆ ಅದು ಸಲೀಸಾಗಿ ಹೋಗುತ್ತದೆ, ಬಿಡಿ.

ಕನೆಕ್ಟ್ ಮಾಡಿದ ತಕ್ಷಣ "ಕ್ಯಾಮೆರಾ ಸಿಗುತ್ತಿಲ್ಲ" ಎಂದು ಬಂದರೆ ಸಾಮಾನ್ಯವಾಗಿ ತಪ್ಪು ಫೋನಿನದು. ಕ್ಯಾಮೆರಾದ ವೈ-ಫೈಯಲ್ಲಿ ಇಂಟರ್‌ನೆಟ್ ಇರುವುದಿಲ್ಲ, ಫೋನ್ ಅದನ್ನು ಕೆಟ್ಟ ನೆಟ್‌ವರ್ಕ್ ಎಂದುಕೊಂಡು ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಡೇಟಾ ಆಫ್ ಮಾಡಿ, "ಇಂಟರ್‌ನೆಟ್ ಇಲ್ಲ, ಹಾಗೇ ಇರಲೇ?" ಎಂದು ಕೇಳಿದಾಗ ಹೌದು ಒತ್ತಿ, ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡಿ.

ಹಳೆಯ ಮಾದರಿಗಳ ಡಬ್ಬದ ಮೇಲಿನ "ಲೈವ್ ಸ್ಟ್ರೀಮಿಂಗ್" ನಂಬಿ ದುಡ್ಡು ಕೊಡಬೇಡಿ. ಸೋನಿ, ಪ್ಯಾನಸೋನಿಕ್ ಕ್ಯಾಮ್‌ಕಾರ್ಡರ್‌ಗಳಲ್ಲಿ ಅದು ಯುಸ್ಟ್ರೀಮ್ ಎಂಬ ಸೇವೆಗೆ ಕಟ್ಟಿಹಾಕಿದ್ದಾಗಿತ್ತು. ಆ ಕಂಪನಿಯನ್ನು 2016ರಲ್ಲಿ ಐಬಿಎಂ ಕೊಂಡಿತು, ಯುಸ್ಟ್ರೀಮ್ ಹೆಸರೇ ಹೋಯಿತು. ಕ್ಯಾಮೆರಾದಲ್ಲಿ ಬಟನ್ ಉಳಿದಿದೆ, ಆ ಬಟನ್ ಹೋಗಬೇಕಾದ ಊರಿಲ್ಲ. ವೈ-ಫೈ ನಿಜಕ್ಕೂ ಕೆಲಸಕ್ಕೆ ಬರುವುದು ಒಂದಕ್ಕೆ: ಎತ್ತರದಲ್ಲಿ ಇಟ್ಟ ಕ್ಯಾಮೆರಾವನ್ನು ಕೆಳಗಿನಿಂದ ಫೋನಿನಲ್ಲಿ ನೋಡಿ ಶುರು ಮಾಡಲು, ನಿಲ್ಲಿಸಲು.

ಕಾರ್ಡ್‌ನಿಂದ ಕಾಪಿ ಮಾಡುವಾಗಲೂ ಸದ್ದು ಕೆಡುತ್ತದೆ ಎಂದರೆ ಕೆಲವರು ನಂಬುವುದಿಲ್ಲ. 32 ಜಿಬಿವರೆಗಿನ ಕಾರ್ಡ್‌ಗಳ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. 28 ಮೆಗಾಬಿಟ್‌ನ ಎವಿಸಿಎಚ್‌ಡಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಕ್ಯಾಮೆರಾ ಹೊಸ ಎಂಟಿಎಸ್ ಫೈಲ್ ಶುರು ಮಾಡುತ್ತದೆ. ಬರೀ ಎಂಟಿಎಸ್‌ಗಳನ್ನು ಹೆಕ್ಕಿ ಎಡಿಟಿಂಗಿಗೆ ಹಾಕಿದರೆ ಜೋಡಣೆಯ ಜಾಗದಲ್ಲಿ ಹಾಡು ಕ್ಷಣಕಾಲ ತುಂಡಾಗಬಹುದು, ಏಕೆಂದರೆ ಯಾವುದರ ಹಿಂದೆ ಯಾವುದು ಎಂಬ ಮಾಹಿತಿ ಬೇರೆ ಫೈಲ್‌ಗಳಲ್ಲಿರುತ್ತದೆ. "ಪ್ರೈವೇಟ್" ಎಂಬ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ, ಎಡಿಟಿಂಗ್ ಸಾಫ್ಟ್‌ವೇರ್‌ನ ಮೀಡಿಯಾ ಬ್ರೌಸರ್ ಮೂಲಕವೇ ತನ್ನಿ.

ಕೊಳ್ಳಲು ಹೋಗುವಾಗ

ಸ್ವಂತ ಕಾರ್ಡ್, ಎರಡು ಉಂಗುರದ ಪಿನ್ನಿನ ಕಾಲರ್ ಮೈಕ್, ವೈರ್‌ನ ಇಯರ್‌ಫೋನ್, ಕಾರ್ಡ್ ರೀಡರ್ ಜೇಬಿನಲ್ಲಿರಲಿ. ಒಳಮೈಕ್‌ನಲ್ಲಿ ಮೆಲುದನಿಯಲ್ಲಿ ಎಣಿಸುತ್ತಾ ನಡುವೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ; ಆಮೇಲೆ ಎಣಿಕೆ ಎಷ್ಟು ಹೊತ್ತು ಕುಗ್ಗಿರುತ್ತದೆ ಎಂಬುದೇ ಆಟೊ ಗೇನ್‌ನ ಜಾತಕ. ಮ್ಯಾನುಯಲ್‌ಗೆ ಹಾಕಿ ಅದನ್ನೇ ಮತ್ತೆ ಮಾಡಿ. ಕಾಲರ್ ಮೈಕ್ ಹಾಕಿ ಮಾತಾಡದೆ ಅರ್ಧ ನಿಮಿಷ ಬಿಡಿ, ಸುಯ್ಗುಡುವ ಸದ್ದು ಎಷ್ಟು ಎಂದು ಕೇಳಿ. ಅಂಗಡಿಯ ಟಿವಿಗೆ ಎಚ್‌ಡಿಎಂಐ ಹಾಕಿಸಿ ವೈರ್ ಅಲುಗಿಸಿ. ಕೊನೆಗೆ ಕಾರ್ಡ್ ತೆಗೆದು ನಿಮ್ಮ ಫೋನಿನ ಸ್ಪೀಕರ್‌ನಲ್ಲಿ ಕೇಳಿ.

ಮೈಕ್ ಜ್ಯಾಕ್ ಇಲ್ಲದ ಕ್ಯಾಮೆರಾ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮಾರಬೇಕಾಗಿಲ್ಲ. ಹಳೆಯ ಫೋನ್ ಒಂದಕ್ಕೆ ಕಾಲರ್ ಮೈಕ್ ಹಾಕಿ, ಏರೋಪ್ಲೇನ್ ಮೋಡ್‌ನಲ್ಲಿ ಭಾಷಣಕಾರರ ಜೇಬಿಗೆ ಬಿಡಿ. ಎರಡೂ ಶುರುವಾದ ಮೇಲೆ ಕ್ಯಾಮೆರಾ ಎದುರು ಒಂದು ಚಪ್ಪಾಳೆ, ಮುಗಿಸುವ ಮುಂಚೆ ಇನ್ನೊಂದು. ಫೋನಿನ ಗಡಿಯಾರಕ್ಕೂ ಕ್ಯಾಮೆರಾದ ಗಡಿಯಾರಕ್ಕೂ ಹತ್ತು ಲಕ್ಷದಲ್ಲಿ 50 ಭಾಗ ವ್ಯತ್ಯಾಸವಿದ್ದರೂ ಒಂದು ಗಂಟೆಗೆ 0.18 ಸೆಕೆಂಡ್, ಅಂದರೆ ನಾಲ್ಕೂವರೆ ಫ್ರೇಮ್ ಜಾರುತ್ತದೆ. ಮೊದಲ ಚಪ್ಪಾಳೆಗೆ ತಾಳೆ ಮಾಡಿ, ಕೊನೆಯ ಚಪ್ಪಾಳೆ ಎಷ್ಟು ಫ್ರೇಮ್ ತಪ್ಪಿದೆ ನೋಡಿ, ಮಾತು ನಿಂತ ಜಾಗಗಳಲ್ಲಿ ಸದ್ದಿನ ಟ್ರ್ಯಾಕ್ ಕತ್ತರಿಸಿ ಒಂದೊಂದು ಫ್ರೇಮ್ ಸರಿಸುತ್ತಾ ಬನ್ನಿ.